ಡ್ರಾಯಿಂಗ್ ಮಾಸ್ತರರ ಕವಳಿ ಕಂಟಿ

ಹೋದ ತಿಂಗಳು ತೀರಿಕೊಂಡ ನಮ್ಮ ಡ್ರಾಯಿಂಗ್ ಮಾಸ್ತರರ ಮಣ್ಣಿಗೆ ಹೋಗಿ ಬಂದೆ. ಹುನಗುಂದದ ಊರಾಚೆ, ಎರೆಹೊಲದ ಅಂಚಿನಲ್ಲಿ ನಾವೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದೆವು. ಪಕ್ಕದಲ್ಲಿ ನಿಂತಿದ್ದ ನಮ್ಮ ಶಾಲೆಯ ಹಳೆಯ ಜವಾನ ಕೈ ಝಾಡಿಸಿಕೊಳ್ಳುತ್ತ, "ಜಲ್ಮಪೂರ್ತಿ ಕೆಂಪು ಮಣ್ಣು ಹೊತ್ತ ಮನಷ್ಯಾಗ ಕಡೀಕ ಕರೀ ಮಣ್ಣ ಗತಿ ಆತು ನೋಡ್ರಿ ಸರ" ಅಂದ. ಮಣ್ಣಿಗೆ ಹೋದವರು ನಗಬಾರದು. ನಾನು ನಕ್ಕುಬಿಟ್ಟೆ. ನಾಲ್ಕು ಜನ ತಿರುಗಿ ನೋಡಿದರು. ನಗು ನಿಲ್ಲಿಸಲು ಹೋದರೆ ಅಳು ಬಂತು, ಅಷ್ಟರಮಟ್ಟಿಗೆ ಮರ್ಯಾದೆ ಉಳಿಯಿತು.

ಜಲ್ಮಪೂರ್ತಿಯೇನಲ್ಲ, ಮಣ್ಣು ಹೊತ್ತದ್ದು ಕೆಲವೇ ವರ್ಷ. ಆದರೆ ಊರಿಗೆ ನೆನಪಿರುವುದು ಅದೊಂದೇ. ಮೂವತ್ತು ವರ್ಷ ಮಕ್ಕಳಿಗೆ ಚಿತ್ರ ಬರೆಯಲು ಕಲಿಸಿದ ಮನುಷ್ಯನನ್ನು ಊರು ಮಣ್ಣಿನ ಚೀಲದ ಮನುಷ್ಯ ಎಂದು ನೆನಪಿಟ್ಟುಕೊಂಡಿತು.

ನಾನು ಅದೇ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನಮ್ಮದು ಪಂಚಾಂಗ, ಪುರಾಣ ಓದಿಕೊಂಡು ಬಂದ ಮನೆ. ಅವರದು ಇಳಕಲ್ಲಿನಲ್ಲಿ ಸೀರೆ ನೇಯುವ ಮನೆ. ಹುನಗುಂದದಲ್ಲಿ ನಮ್ಮಿಬ್ಬರ ಹಿತ್ತಲಿನ ನಡುವೆ ಎದೆಮಟ್ಟದ ಒಂದೇ ಗೋಡೆ. ಅವರ ಹೆಂಡತಿ ಬೇಗ ತೀರಿಕೊಂಡಿದ್ದರು, ಮಗಳನ್ನು ಶಿರೂರಿಗೆ ಕೊಟ್ಟಿದ್ದರು. ಹೀಗಾಗಿ ನಮ್ಮ ಮನೆಯ ಪಲ್ಯ ಗೋಡೆ ದಾಟಿ ಹೋಗುತ್ತಿತ್ತು, ಅವರು ಹರಿತ ಮಾಡಿದ ನಮ್ಮ ಈಳಿಗೆ ಗೋಡೆ ದಾಟಿ ಬರುತ್ತಿತ್ತು.

ಆಳು ಸಣಕಲು. ಅಂಗಿಯ ಕಿಸೆಯಲ್ಲಿ ಮೂರು ಬಣ್ಣದ ಸೀಮೆಸುಣ್ಣ, ಜೊತೆಗೆ ಯಾವಾಗಲೂ ಒಂದು ತುಂಡು ನೂಲು. ಗೋಡೆ ಸೊಟ್ಟಗಿದೆಯೋ, ಬೆಂಚು ವಾರೆಯಾಗಿದೆಯೋ ಎಂದು ಅನುಮಾನ ಬಂದರೆ ನೂಲು ಹಿಡಿದು ಒಂದು ಕಣ್ಣು ಮುಚ್ಚಿ ನೋಡುವರು. ಪಟ್ಟಿ ಇಲ್ಲದೆ ಹಲಗೆಯ ಈ ತುದಿಯಿಂದ ಆ ತುದಿಗೆ ಗೆರೆ ಎಳೆದರೆ ಗಣಿತದ ಮಾಸ್ತರರಿಗೆ ಹೊಟ್ಟೆಕಿಚ್ಚು ಬರುತ್ತಿತ್ತು. ಅವರ ತರಗತಿಯಲ್ಲಿ ಯಾರೂ ರಬ್ಬರ್ ತರುವಂತಿರಲಿಲ್ಲ. "ನೇಯೋ ಮಂದಿಗೆ ರಬ್ಬರ್ ಇಲ್ಲ. ತಪ್ಪಿದ್ರ ಪೂರಾ ಬಿಚ್ಚಬೇಕು, ಇಲ್ಲಾ ತಪ್ಪಿನ ಕೂಡ ಬಾಳೇ ಮಾಡಬೇಕು" ಎನ್ನುತ್ತಿದ್ದರು.

ಅವರ ಬಾಯಲ್ಲಿ ಸದಾ ಇರುತ್ತಿದ್ದ ಇನ್ನೊಂದು ಮಾತು 'ಹದ'. ಮಕ್ಕಳ ಚಿತ್ರ ನೋಡಿ ಚೆನ್ನಾಗಿದೆ, ಕೆಟ್ಟಿದೆ ಎಂದವರಲ್ಲ. "ಹದಕ್ಕ ಬಂದಿಲ್ಲ" ಅನ್ನುವರು. ನನ್ನ ಹೆಂಡತಿ ಮಾಡಿದ ಜುಣಕ ಹದಕ್ಕೆ ಬಂದಿರುತ್ತಿತ್ತು. ನಾನು ಪತ್ರಿಕೆಗೆಂದು ಬರೆದ ಲೇಖನ ಒಮ್ಮೆಯೂ ಹದಕ್ಕೆ ಬರಲಿಲ್ಲ. ಹೊಸ ಅಂಗಿ ಹೊಲಿಸಿದರೆ ಎರಡು ದೀಪಾವಳಿ ಪೆಟ್ಟಿಗೆಯಲ್ಲಿಡುವರು. ಯಾಕೆಂದರೆ, "ಇರಲಿ ತಡೀರಿ, ಅದಕ್ಕೊಂದು ಹದ ಬರಬೇಕು." ಅಂಗಿಗೆ ಎಂಥ ಹದ? ಕೇಳಿದರೆ ನಗುವರು. ಅವರ ಈ ತಾಳ್ಮೆಯನ್ನು ನಾನು ಬಹಳ ದಿನ ದೊಡ್ಡ ಗುಣ ಎಂದುಕೊಂಡಿದ್ದೆ. ಅರ್ಧ ಗುಣ, ಅರ್ಧ ಭಂಡತನ ಎಂದು ತಿಳಿದದ್ದು ಕವಳಿ ಕಂಟಿಯ ಪ್ರಸಂಗದಲ್ಲಿ.

ಕವಳಿ ಗೊತ್ತಿಲ್ಲದವರಿಗೆ ಎರಡು ಮಾತು. ಬಾದಾಮಿ ಸುತ್ತಿನ ಗುಡ್ಡಗಳಲ್ಲಿ ತಾನೇ ಬೆಳೆಯುವ ಮುಳ್ಳಿನ ಕಂಟಿ ಅದು. ಮಲ್ಲಿಗೆಯ ವಾಸನೆಯ ಬಿಳಿ ಹೂವು, ಮುರಿದರೆ ಹಾಲು, ಬೇಸಿಗೆಯ ಕೊನೆಗೆ ಕಪ್ಪಗೆ ಹೊಳೆಯುವ ಹುಳಿ-ಸಿಹಿ ಹಣ್ಣು. ಮೊದಲ ಮಳೆಯ ಹೊತ್ತಿಗೆ ಚೊಳಚಗುಡ್ಡದ ಕಡೆಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತಂದು ಬಾದಾಮಿ ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಾರೆ. ಅದನ್ನು ಯಾರೂ ಮನೆಯಲ್ಲಿ ಬೆಳೆಸುವುದಿಲ್ಲ. ಗುಡ್ಡಕ್ಕೆ ಹೋದರೆ ಬಿಟ್ಟಿ ಸಿಗುವುದನ್ನು ಯಾರು ನೆಡುತ್ತಾರೆ?

ಮಾಸ್ತರರು ನೆಡುತ್ತೇನೆ ಎಂದು ಹಟ ಹಿಡಿದರು. ಅವರ ತಾಯಿಯ ತವರು ಚೊಳಚಗುಡ್ಡ. ಸಣ್ಣವರಿದ್ದಾಗ ಶಾಲೆಯ ಸೂಟಿಗೆ ಅಲ್ಲಿಗೆ ಹೋದರೆ ಅವರ ಅಣ್ಣ ಮುಳ್ಳಿನೊಳಗೆ ನುಗ್ಗಿ ಹಣ್ಣು ಹರಿಯುವನಂತೆ, ಇವರು ಅಂಗಿ ಚಾಚಿ ಹಿಡಿಯುವರಂತೆ. ಇಷ್ಟು ಹೇಳಿದ್ದರು. ಆ ಅಣ್ಣ ಈಗ ಇಳಕಲ್ಲಿನಲ್ಲಿದ್ದಾನೆ, ಬಸ್ಸಿನಲ್ಲಿ ಅರ್ಧ ಗಂಟೆ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಮೊದಲು ಗುಡ್ಡದಡಿಯಿಂದ ಒಂದು ಗಿಡವನ್ನೇ ಕಿತ್ತು ತಂದರು. ಬೇರು ಅರ್ಧಕ್ಕೆ ಹರಿದಿತ್ತು, ವಾರದಲ್ಲಿ ಒಣಗಿತು. ಮರುವರ್ಷ ಹಣ್ಣು ಕೊಂಡು ತಂದು, ತಿಂದು, ಬೀಜ ತೆಗೆದು, ನೆರಳಿನಲ್ಲಿ ಒಣಗಿಸಿ, ಬೂದಿ ಹಚ್ಚಿ, ಬಟ್ಟೆಯ ಗಂಟು ಕಟ್ಟಿ ಜಂತಿಗೆ ತೂಗುಹಾಕಿದರು. ನಾನೂ ಭೇಷ್ ಅಂದೆ. ನಮ್ಮ ಸೀಮೆಯಲ್ಲಿ ಬೀಜ ಅಂದಮೇಲೆ ಹೀಗೆಯೇ; ಜೋಳವಿರಲಿ, ಅವರೆ ಇರಲಿ, ಬೂದಿ ಹಚ್ಚಿಟ್ಟು ಮುಂದಿನ ಮಿರಗದ, ಅಂದರೆ ಮೃಗಶಿರದ, ಮಳೆಗೆ ಬಿತ್ತುವುದು. ಮಾಸ್ತರರೂ ಮಿರಗಕ್ಕೆ ಬಿತ್ತಿದರು. ಒಂದೂ ಏಳಲಿಲ್ಲ. ಅದರ ಮುಂದಿನ ವರ್ಷವೂ ಅದೇ ಕತೆ. ಬೂದಿ ಸಾಲಲಿಲ್ಲವೇನೋ ಎಂದು ಇನ್ನಷ್ಟು ಬೂದಿ ಹಚ್ಚಿದ್ದರು.

ಕೊನೆಗೆ ಬಾದಾಮಿಯ ಬಸ್‌ಸ್ಟ್ಯಾಂಡಿನಲ್ಲಿ ಹಣ್ಣು ಮಾರುವ ಮುದುಕಿಯ ಹತ್ತಿರವೇ ದೂರು ಒಯ್ದರು. ಆ ದಿನ ನಾನೂ ಜೊತೆಗಿದ್ದೆ.

"ಯವ್ವಾ, ನಿನ್ನ ಹಣ್ಣಿನ ಬೀಜ ಒಂದೂ ಹುಟ್ಟಲಿಲ್ಲ."

"ಹ್ಯಾಂಗ ಹಾಕಿದ್ದಿ?"

ಮಾಸ್ತರರು ನೆರಳು, ಬೂದಿ, ಗಂಟು ಎಲ್ಲವನ್ನೂ ವಿವರಿಸಿದರು. ಮುದುಕಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅಯ್ಯ ನನ್ನಪ್ಪಾ, ಜ್ವಾಳ ಅಂತ ತಿಳಕೊಂಡಿಯೇನು ಅದನ್ನ? ಕವಳಿ ಕಾಯೂದಿಲ್ಲೋ. ತಿಂದ ಬಾಯಾಗಿನ ಬೀಜ ಅವತ್ತ ಮಣ್ಣ ಕಾಣಬೇಕು. ಇಟ್ಟಿ ಅಂದ್ರ ಸತ್ತಂಗ."

"ಹದಕ್ಕ ಬರೂದು ಬ್ಯಾಡೇನು?"

"ಹಣ್ಣಾದಾಗ ಬಂದಿರತೈತಲ್ಲೋ ಹದ. ಇನ್ನೆಷ್ಟ ಸಲ ಬರಬೇಕದು?"

ಮಾಸ್ತರರು ಪೆಚ್ಚಾದರು. ನನಗೆ ಒಳಗೊಳಗೇ ಖುಷಿ. ಹದದ ವಿಷಯದಲ್ಲಿ ಅವರಿಗೆ ಪಾಠ ಹೇಳುವವರು ಒಬ್ಬರಾದರೂ ಸಿಕ್ಕರಲ್ಲ ಎಂದು. ಅವತ್ತು ಬಸ್ಸಿನಲ್ಲೇ ಹಣ್ಣು ತಿಂದು, ಬೀಜ ಕರವಸ್ತ್ರದಲ್ಲಿ ಒದ್ದೆಯಾಗಿ ಹಿಡಿದು, ಮನೆಗೆ ಬಂದವರೇ ಚಪ್ಪಲಿ ಬಿಡದೆ ಕುಂಡದಲ್ಲಿ ಊರಿದರು. ಹದಿನೈದು ಇಪ್ಪತ್ತು ದಿನಕ್ಕೆ ಆರು ಸಸಿ ಎದ್ದವು. ಮಗಳು ಹುಟ್ಟಿದಾಗಲೂ ಅವರು ಅಷ್ಟು ಮನೆಗಳಿಗೆ ಹೋಗಿ ಹೇಳಿರಲಿಲ್ಲ.

ಆಮೇಲೆ ಬಂದದ್ದು ಮಣ್ಣಿನ ಚಿಂತೆ. ಹುನಗುಂದದ ಎರೆಮಣ್ಣು ಮಳೆಗೆ ಉಬ್ಬಿ ನೀರು ಹಿಡಿದು ಕೂಡುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಕಲ್ಲುಸಂದಿಯ ಕೆಂಪು ಮಸಾರಿ ಮಣ್ಣಿನಲ್ಲಿ ಬೆಳೆಯುವ ಗಿಡಕ್ಕೆ ಇಲ್ಲಿ ಬೇರು ಕೊಳೆಯಬೇಕು, ಇಲ್ಲವೇ ಹರಿಯಬೇಕು. ಹಾಗಾಗಿ ಮಾಸ್ತರರು ಭಾನುವಾರ ಬಿಟ್ಟು ಭಾನುವಾರ ಎರಡು ಬಸ್ಸು ಬದಲಿಸಿ ಬಾದಾಮಿಗೆ ಹೋಗಿ, ಆ ಮುದುಕಿಯ ಹೊಲದ ಬದುವಿನಿಂದ ಕೆಂಪು ಮಣ್ಣು ತರತೊಡಗಿದರು. ಅವರ ಹೆಗಲ ಚೀಲ ಕಂಡರೆ ಬಸ್ಸಿನವರೆಲ್ಲ ಮುಸಿಮುಸಿ ನಗುತ್ತಿದ್ದರು.

"ಏನ್ರಿ ಇದರಾಗ?" ಎಂದು ಕಂಡಕ್ಟರ್ ಕೇಳಿದ್ದನಂತೆ.

"ಮಣ್ಣು."

"ಹುನಗುಂದದಾಗ ಮಣ್ಣಿಗೂ ಬರ ಬಂತೇನ್ರಿ?"

"ಇಲ್ರಿ. ನಮ್ಮ ಮಣ್ಣಿಗೆ ಸೊಕ್ಕು ಭಾಳ. ಅದಕ್ಕ ಬಡ ಮಣ್ಣು ಒಯ್ಯಾಕತ್ತೇನಿ."

ಸಸಿಗಳಲ್ಲಿ ಗಟ್ಟಿಯಾದುದನ್ನು ಆರಿಸಿ, ಗೋಡೆಯ ಪಕ್ಕ ತಾವೇ ಕುಣಿ ತೋಡಿದರು. ಒಂದು ಗಿಡಕ್ಕೆ ಇಷ್ಟು ದೊಡ್ಡ ಕುಣಿಯೇ ಎಂದು ನಾನು ಗೋಡೆಯ ಮೇಲಿಂದ ರೇಗಿಸುತ್ತಿದ್ದೆ. ಅವರು ನೂಲು ಹಿಡಿದು ಉದ್ದ ಅಳೆದರು, ಅಗಲ ಅಳೆದರು, ಒಳಗಿಳಿದು ಅಂಚಿನ ಮೇಲೆ ಕುಳಿತು ಕಾಲು ಇಳಿಬಿಟ್ಟು ನೋಡಿದರು. ಆಗ ನನಗೆ ಅನುಮಾನ ಬಂತು.

"ಮಾಸ್ತರ್ರ, ಗಿಡಕ್ಕೋ, ಮಗ್ಗಕ್ಕೋ?"

ಅವರು ನೂಲು ಸುತ್ತಿ ಕಿಸೆಗೆ ಹಾಕಿಕೊಂಡರು. ಆಮೇಲೆ ಆ ಕುಣಿಯಲ್ಲಿ ಕುಳಿತೇ ಎಲ್ಲವನ್ನೂ ಹೇಳಿದರು. ಅವರ ತಂದೆ ನೇಯುತ್ತಿದ್ದುದು ಕುಣಿಮಗ್ಗದಲ್ಲಿ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಟ್ಟು ಕೂತು ನೇಯುವುದು. ತಂದೆ ಹೋದಮೇಲೆ ಅಣ್ಣ ಕೆಲವು ವರ್ಷ ನೇಯ್ದು, ಆಗದೆ, ಮಗ್ಗ ಬಿಚ್ಚಿ, ಕುಣಿ ಮುಚ್ಚಿ ಪಾವರ್‌ಲೂಮ್ ಹಾಕಿದ. ಸುದ್ದಿ ತಿಳಿದು ಇವರು ಇಳಕಲ್ಲಿಗೆ ಓಡಿಹೋಗಿ, ನಾಲ್ಕು ಜನರ ಎದುರಿಗೆ "ಅಪ್ಪನ ಕುಣಿ ಮುಚ್ಚಿದಿ" ಎಂದು ಕೂಗಾಡಿದರು. ಅಣ್ಣ ತಿರುಗಿ ಅಂದ ಮಾತು ಇದು: "ಒಂದ ಗೇಣು ನೇಯ್ದಿಲ್ಲ ನೀ. ಸುಣ್ಣದ ಕಡ್ಡಿ ಹಿಡಕೊಂಡು ಕುಂತಿ. ನಿನ್ನ ಕೈಲೆ ಏನರ ಒಂದು ಮಾಡಿ ತೋರ್ಸು, ಆಮ್ಯಾಲ ನನಗ ಬುದ್ಧಿ ಹೇಳಾಕ ಬಾ."

"ಅವತ್ತಿಂದ ಹೋಗಿಲ್ರಿ, ಏಳು ವರ್ಷ ಆತು. ಈ ಕಂಟಿ ಹಣ್ಣು ಬಿಡಲಿ. ನನ್ನ ಕೈಲೆ ಬೆಳದ ಹಣ್ಣು ಒಯ್ದು ಅಣ್ಣನ ಮುಂದ ಇಡತೇನಿ. ಆಮ್ಯಾಲ ಮಾತು."

"ಅಲ್ರೀ, ಹಣ್ಣು ಬಸ್‌ಸ್ಟ್ಯಾಂಡಿನಾಗ ಬುಟ್ಟಿಗಟ್ಟಲೆ ಸಿಗ್ತದ."

"ಕೊಂಡು ಒಯ್ದದ್ದು ಅಂವಗ ಗೊತ್ತಾಗತೈತಿ" ಅಂದರು. ಆಮೇಲೆ ಕುಣಿಗೆ ಕಲ್ಲುಚೂರು ಹಾಕಿ, ಮೇಲೆ ಕೆಂಪು ಮಣ್ಣು ತುಂಬಿ, ಸಸಿ ನೆಟ್ಟರು.

ಸಸಿ ಬೆಳೆದು ಗೋಡೆಯ ಮೇಲೆ ಮುಳ್ಳು ಚಾಚಿದಾಗ ನನ್ನ ಹೆಂಡತಿ ತಕರಾರು ತೆಗೆದಳು. "ಹಾಲು ಬರೋ ಗಿಡ, ಮುಳ್ಳಿನ ಗಿಡ ಮನಿ ಹತ್ರ ಇರಬಾರದಂತ ಹಿರಿಯರು ಹೇಳ್ತಾರ. ಇದಕ್ಕ ಎರಡೂ ಅವ."

ಮಾಸ್ತರರು ಕೈಮುಗಿದು ಹೇಳಿದರು, "ಅಕ್ಕಾರ, ನಿಮ್ಮ ಅಂಗಳದಾಗ ನಂದಬಟ್ಟಲ ಐತಿ, ಅದಕ್ಕ ಹಾಲು ಬರತೈತಿ. ಗುಲಾಬಿ ಐತಿ, ಅದಕ್ಕ ಮುಳ್ಳೈತಿ. ಅವು ಬ್ಯಾರೆ ಬ್ಯಾರೆ ಇದ್ರ ಪೂಜಾಕ್ಕ ಬರತಾವ, ಕೂಡಿ ಬಂದ್ರ ಸಿಟ್ಟೇನ್ರಿ?" ಸಂಜೆ ಅವಳು ನಂದಬಟ್ಟಲದ ಒಂದು ಎಲೆ ಹರಿದು ನೋಡುತ್ತಿದ್ದುದನ್ನು ನಾನು ಕಂಡೆ.

ನಾಲ್ಕನೆಯ ಬೇಸಿಗೆಗೆ ಕಂಟಿ ಹೂವಾಯಿತು. ಬೆಳಗಿನ ಹೊತ್ತು ಎರಡೂ ಹಿತ್ತಲು ಘಮ್ಮೆನ್ನುತ್ತಿದ್ದವು. ಅಷ್ಟರಲ್ಲಿ ಮಾಸ್ತರರು ನಿವೃತ್ತರಾಗಿದ್ದರು, ದಿನವಿಡೀ ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂಡುವುದೇ ಕೆಲಸ. ಯುಗಾದಿಯ ನಂತರ ಗೊಂಚಲು ಗೊಂಚಲು ಹಸಿರು ಕಾಯಿ ಕಚ್ಚಿದವು.

ಆಗಲೇ ಇಳಕಲ್ಲಿನಿಂದ ಬಂದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ದಾರಿಯಲ್ಲಿ ಸಿಕ್ಕು, ಮಾಸ್ತರರ ಅಣ್ಣನಿಗೆ ಲಕ್ವಾ ಹೊಡೆದ ಸುದ್ದಿ ಹೇಳಿದ. ಬಲಗೈ, ಬಲಗಾಲು ಬಿದ್ದಿವೆ, ಬಾಯಿ ಒಂದು ಕಡೆಗೆ ಹೋಗಿದೆ, ಇನ್ನೊಂದು ಸಲ ಹೊಡೆದರೆ ಕಷ್ಟ ಎಂದು ದವಾಖಾನೆಯವರು ಹೇಳಿದ್ದಾರೆ. ನಾನು ಓಡುತ್ತ ಬಂದೆ. ಮಾಸ್ತರರು ಸ್ಟೂಲಿನ ಮೇಲೆ ಕುಳಿತು ಕಾಯಿ ಎಣಿಸುತ್ತಿದ್ದರು.

"ಗೊತ್ತೈತ್ರಿ. ಎಂಟು ದಿನ ಆತು" ಅಂದರು.

"ಎಂಟು ದಿನ! ಮತ್ತ ಇಲ್ಲೇ ಕೂತೀರಿ?"

"ಇನ್ನ ಒಂದೂವರಿ ತಿಂಗಳಿಗೆ ಹಣ್ಣಾಗತಾವ್ರಿ ಸರ. ಕಾಯಿ ಒಯ್ದ್ರ ಅಂವ ಏನಂತಾನ?"

ನನಗೆ ಮೂಗಿನ ಮೇಲೆಯೇ ಸಿಟ್ಟು ಎಂದು ಶಾಲೆಯಲ್ಲೆಲ್ಲ ಹೆಸರಿತ್ತು. ಆದರೆ ಅವರ ಮೇಲೆ ಆ ತನಕ ಒಮ್ಮೆಯೂ ಕೂಗಿರಲಿಲ್ಲ. ಅವತ್ತು ಗೋಡೆಯ ಮೇಲೆ ಮುಷ್ಟಿ ಗುದ್ದಿ ಕೂಗಿದೆ.

"ಏನರ ಅನ್ಲಿ! ಅನ್ನಲಿಕ್ಕೆ ಅವರಿಗೆ ಬಾಯಿ ಇರೋತನಕ ಹೋಗ್ರಿ ಮಾರಾಯ್ರ! ನಿಮ್ಮ ಹದ ಹಾಳಾಗಲಿ!"

ಕೂಗಿದ ಮೇಲೆ ನನಗೇ ನಾಚಿಕೆಯಾಯಿತು. ಮಾಸ್ತರರು ಎದ್ದು ಕಂಟಿಯ ಹತ್ತಿರ ಹೋಗಿ ನಿಂತರು. ಒಂದು ಕಾಯಿ ಮುಟ್ಟಿ ಕೈ ಹಿಂದಕ್ಕೆ ತೆಗೆದರು. ಮತ್ತೆ ಮುಟ್ಟಿದರು. ಆಮೇಲೆ ಒಂದೇ ಸಮನೆ ಹರಿಯತೊಡಗಿದರು. ಮುಳ್ಳು ತರಚಿತು, ಬೆರಳಿಗೆಲ್ಲ ಹಾಲು ಅಂಟಿತು. ಕರವಸ್ತ್ರದಲ್ಲಿ ಕಟ್ಟಿಕೊಂಡು, "ನೀವೂ ಬರ್ರಿ ಸರ. ಒಬ್ಬನ ಹೋಗಾಕ ಕಾಲು ಬರವಲ್ಲವು" ಅಂದರು.

ಇಳಕಲ್ಲಿನ ಆ ಓಣಿಯಲ್ಲಿ ಮಗ್ಗದ ಸದ್ದು ಕೇಳುತ್ತಿದ್ದಂತೆ ಅವರ ನಡಿಗೆ ನಿಧಾನವಾಯಿತು. ನಾನು ರಟ್ಟೆ ಹಿಡಿದು ನಡೆಸಿಕೊಂಡು ಹೋದೆ. ಬಾಗಿಲಲ್ಲಿ ಅವರ ಅತ್ತಿಗೆ ನಿಂತಿದ್ದರು. ಮೈದುನನನ್ನು ಕಂಡು, "ಕಾಲಿಗೆ ನೀರ ತೊಗೋರಿ" ಎಂದು ತಂಬಿಗೆ ಕೊಟ್ಟರು. ಒಳಗೆ ಹೋಗಿ ಮಗನಿಗೆ ಮಗ್ಗ ನಿಲ್ಲಿಸಲು ಹೇಳಿದರು.

ಅಣ್ಣ ಹೊರಸಿನ ಮೇಲೆ ದಿಂಬಿಗೆ ಒರಗಿ ಕುಳಿತಿದ್ದರು. ತಮ್ಮನಿಗಿಂತ ಎತ್ತರದ ಆಳು, ಅರ್ಧ ಮುಖ ಜೋತುಬಿದ್ದಿತ್ತು. ಕಣ್ಣು ಮಾತ್ರ ನೆಟ್ಟಗೆ ತಮ್ಮನ ಮೇಲೆ ಕೂತವು. ಮಾಸ್ತರರು ಬಸ್ಸಿನುದ್ದಕ್ಕೂ ಏನೇನೋ ಗೊಣಗಿಕೊಂಡು ಬಂದಿದ್ದರು. ಅದರಲ್ಲಿ ಒಂದಕ್ಷರವೂ ಬಾಯಿಗೆ ಬರಲಿಲ್ಲ. ಕರವಸ್ತ್ರ ಬಿಚ್ಚಿ ಹೊರಸಿನ ಮೇಲಿಟ್ಟು, "ಅಣ್ಣಾ, ಕವಳಿ. ನಾ ಬೆಳಸೇನಿ. ನನ್ನ ಕೈಲೆ" ಅಂದರು. ಪರೀಕ್ಷೆಗೆ ನಿಂತ ಏಳನೇ ಇಯತ್ತೆಯ ಹುಡುಗನ ದನಿ ಅದು.

ಅಣ್ಣ ಎಡಗೈಯಿಂದ ಒಂದು ಕಾಯಿ ತೆಗೆದುಕೊಂಡರು. ತಿರುಗಿಸಿ ನೋಡಿದರು. ನಾವು ಬೇಡ ಎನ್ನುವಷ್ಟರಲ್ಲಿ ಬಾಯಿಗೆ ಹಾಕಿ ಕಚ್ಚಿಬಿಟ್ಟರು. ಹುಳಿ, ಒಗರು, ಹಾಲು. ಮುಖದ ಒಂದು ಪಾಲು ಹಿಂಡಿಹೋಯಿತು, ಇನ್ನೊಂದು ಪಾಲು ಅಲುಗಲಿಲ್ಲ. ಥೂ ಎಂದು ಉಗಿದರು. ಅತ್ತಿಗೆ ಓಡಿಬಂದು ಬಾಯಿ ಒರೆಸಿದರು. ಅವರು ಆಕೆಯ ಕೈ ಸರಿಸಿ, ಮಾತಿಗಾಗಿ ಒದ್ದಾಡಿದರು. ನಾಲಿಗೆ ಹೊರಳಲಿಲ್ಲ. ಮತ್ತೆ ಪ್ರಯತ್ನಿಸಿದರು. ಮೂರನೆಯ ಸಲಕ್ಕೆ ತೊದಲಿದರೂ ಎಲ್ಲರಿಗೂ ತಿಳಿಯುವಂತೆ ಬಂತು.

"ಖೋಡಿ... ಹಣ್ಣಾಗಾಕ... ಬಿಡಬಾರದ? ಅಷ್ಟೂ... ತಿಳಿಯಂಗಿಲ್ಲ... ನಿನಗ?"

ಹೇಳಿ ಮುಗಿಸಿ, ಎಡಗೈ ಎತ್ತಿ ತಮ್ಮನ ತಲೆಗೆ ಮೊಟಕಿದರು. ಪೆಟ್ಟು ಜೋರಾಗಿರಲಿಲ್ಲ, ಕೈ ಅಲ್ಲಿಯೇ ಉಳಿಯಿತು. ಮಾಸ್ತರರು ತಲೆ ಬಗ್ಗಿಸಿ ಹಾಗೆಯೇ ಕುಳಿತುಬಿಟ್ಟರು. ನಾನು ನೀರು ಕುಡಿಯುವ ನೆಪ ಮಾಡಿ ಎದ್ದು ಹೊರಗೆ ಬಂದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು ಕಣ್ಣು ಒರೆಸಿಕೊಳ್ಳುತ್ತಿದ್ದರು, ನಗುತ್ತಿದ್ದರು. ಬೆರಳಿಗಂಟಿದ್ದ ಹಾಲು ಕರಿಯಾಗಿ ಒಣಗಿತ್ತು. ಕೂಗಾಡಿದ್ದಕ್ಕೆ ಕ್ಷಮೆ ಕೇಳಬೇಕೆಂದು ನಾನು ಬಾಯಿ ತೆರೆದೆ. ಅವರು ನನ್ನ ಮೊಣಕಾಲು ಹಿಡಿದುಕೊಂಡರು.

"ಬಿಡ್ರಿ ಸರ. ಮುಂಜಾನೆ ನೀವು ಬೈದ್ರಿ, ಮಧ್ಯಾಹ್ನ ನಮ್ಮಣ್ಣ ಬೈದ. ಹನ್ನೊಂದು ವರ್ಷ ಆಗಿತ್ರಿ, ನನಗ ಯಾರರ ಬೈದು."